ಕಂಚಿನ ಮೊಲಕ್ಕೆ ಬಣ್ಣ ಬರಿಸಿದ ಬಗೆ

ಜಪಾನಿನ ತೊಯಾಮಾ ಪ್ರಾಂತ್ಯದ ತಕಾವೊಕಾದಲ್ಲಿ 1611ರಲ್ಲಿ ಅಲ್ಲಿನ ದೊರೆ ಮಾಎದಾ ತೊಶಿನಾಗಾ ಏಳು ಮಂದಿ ಎರಕದವರನ್ನು ಕರೆಸಿ ನೆಲೆಗೊಳಿಸಿದಂದಿನಿಂದ ಲೋಹದ ಕೆಲಸ ನಡೆದುಬಂದಿದೆ. ಆ ಊರಿನ ಒಂದು ಕಾರ್ಯಾಗಾರದಲ್ಲಿ ಮೊಲವೊಂದನ್ನು ಮೇಣದಚ್ಚಿನ ಕ್ರಮದಲ್ಲಿ ಎರಕ ಹೊಯ್ದಾಗ, ಕಂಚಿನ ಬಣ್ಣವನ್ನು ಮೇಣ ತಿದ್ದುವಾಗಲೇ ನಿರ್ಧರಿಸಿಕೊಂಡಿರಬೇಕು ಎಂಬುದು ನನಗೆ ಖಚಿತವಾಯಿತು.

1893ರ ಷಿಕಾಗೊ ವಸ್ತುಪ್ರದರ್ಶನಕ್ಕೆಂದು ಜಪಾನಿನ ಲೋಹಶಿಲ್ಪಿ ಸುಜುಕಿ ಚೋಕಿಚಿ ಸಿದ್ಧಪಡಿಸಿದ ಹನ್ನೆರಡು ಲೋಹದ ಗಿಡುಗಗಳಲ್ಲಿ ಗರಿಗಳನ್ನು ಒಂದೊಂದಾಗಿ ಬಿಡಿಸಲಾಗಿದೆ. ಮುಂದೆ, 1927ರಲ್ಲಿ ಜಪಾನಿನ ಸರ್ಕಾರಿ ಕಲಾಪ್ರದರ್ಶನದಲ್ಲಿ ಕರಕುಶಲ ವಿಭಾಗ ತೆರೆದ ಕಾಲದ ಕಲಾವಿದರಲ್ಲಿ, ಪ್ರಾಣಿಯ ಮೈಯನ್ನು ಕೆಲವೇ ತುಂಬು ಆಕಾರಗಳಿಗೆ ಇಳಿಸುವ ಒಲವು ಬೆಳೆಯಿತು. ಗಿಡುಗಗಳ ಕೌಶಲಕ್ಕೆ ನಾನು ತಲೆಬಾಗುತ್ತೇನೆ. ಆದರೂ ಅಂಗೈಯಗಲದ ಮೊಲಕ್ಕೆ ಈ ಎರಡನೆಯ ದಾರಿಯೇ ತಕ್ಕದ್ದೆಂದು ತೋರಿತು. ರೋಮದ ಗೆರೆಗಳು ಹೆಚ್ಚಿದಷ್ಟೂ ಬಣ್ಣದ ದ್ರಾವಣ ಅವುಗಳಲ್ಲಿ ನಿಂತು ಕಪ್ಪುಗಟ್ಟುತ್ತದೆ, ಬೆನ್ನಿನ ತಿರುವು ಮರೆಯಾಗುತ್ತದೆ.

ಜೇನುಮೇಣಕ್ಕೆ ಪೈನ್ ಮರದ ರಾಳ ಬೆರೆಸಿ, ಮಣ್ಣು ಮರಳಿನ ಒಳಅಚ್ಚಿನ ಮೇಲೆ ತೆಳುವಾಗಿ ಹಚ್ಚಿ ರೂಪ ತಿದ್ದಿದೆ. ನೆಟ್ಟಗೆ ನಿಂತ ತೆಳುವಾದ ಕಿವಿಗಳಲ್ಲಿ ಲೋಹ ತುದಿ ಮುಟ್ಟುವ ಮೊದಲೇ ಗಟ್ಟಿಯಾಗುವ ಭಯವಿದ್ದುದರಿಂದ, ಅವನ್ನು ಬೆನ್ನಿಗೆ ಒತ್ತಿ ಮಲಗಿಸಿದೆ. ಇದರಿಂದ ಮೊಲದ ಹುದುಗುವ ಸ್ವಭಾವವೂ ಚೆನ್ನಾಗಿ ಮೂಡಿತು. ಅಚ್ಚನ್ನು ಸುಟ್ಟು ಮೇಣ ಕರಗಿಸಿ, ಕಂಚು ಹೊಯ್ದು, ಅರ ಮತ್ತು ಇದ್ದಿಲಿನಿಂದ ಮೈ ನುಣುಪುಗೊಳಿಸಿದೆ.

ಬಣ್ಣದ ಕೆಲಸಕ್ಕೆ ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಕಾಯಿತು. ಕಬ್ಬಿಣದ ತುಕ್ಕನ್ನು ಹುಳಿ ದ್ರವದಲ್ಲಿ ನೆನೆಸಿ ಚಹಾದ ಕಷಾಯ ಸೇರಿಸಿದ ಓಹಗುರೊ ದ್ರಾವಣವನ್ನು, ಬಿಸಿಮಾಡಿದ ಕಂಚಿನ ಮೇಲೆ ಹುಲ್ಲಿನ ಕುಂಚದಿಂದ ತೆಳುವಾಗಿ ಸವರುತ್ತ, ಒಣಗಿದಂತೆ ಉಜ್ಜುತ್ತ, ಕಂದು ಬಣ್ಣ ಆಳವಾಗುವವರೆಗೂ ಅದನ್ನೇ ಮುಂದುವರಿಸಬೇಕು. ಶಾಖ ಕಡಿಮೆಯಾದರೆ ದ್ರಾವಣ ಹರಿದು ಕಲೆಯಾಗುತ್ತದೆ, ಹೆಚ್ಚಾದರೆ ಪದರ ಎದ್ದುಬರುತ್ತದೆ.

ಕಣ್ಣುಗಳನ್ನು ಮಾತ್ರ ಶಾಕುದೊದಿಂದ, ಅಂದರೆ ತಾಮ್ರಕ್ಕೆ ಸ್ವಲ್ಪ ಚಿನ್ನ ಬೆರೆತ ಲೋಹದಿಂದ, ಬೇರೆಯಾಗಿ ಮಾಡಿದೆ. ತುರಿದ ಮೂಲಂಗಿಯಲ್ಲಿ ಅದ್ದಿ, ತಾಮ್ರದ ಕಿಲುಬು ಮತ್ತು ಮೈಲುತುತ್ತದ ನೀರಿನಲ್ಲಿ ಕುದಿಸಿದರೆ ಅದು ನೇರಳೆ ಛಾಯೆಯ ಕಪ್ಪಿಗೆ ತಿರುಗುತ್ತದೆ. ಮಲೆನಾಡಿನ ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಸುಣ್ಣದ ಜೊತೆ ಸಿಂಪಡಿಸುವ ಮೈಲುತುತ್ತವೇ ಇದು. ಕುದಿಸುವ ಮುನ್ನ ಬೆರಳಿನ ಜಿಡ್ಡು ತಾಗಿದ ಕಡೆ ಬಣ್ಣ ಹಿಡಿಯುವುದಿಲ್ಲವಾದ್ದರಿಂದ, ತೊಳೆದ ಮೇಲೆ ಚೂರುಗಳನ್ನು ತಾಮ್ರದ ತಂತಿಯಲ್ಲೇ ಹಿಡಿದೆ. ಕಣ್ಣು ಕೂರಿಸಿದ ಬಳಿಕ ಇಡೀ ಮೈಗೆ ಬೆಚ್ಚಗೆ ಮೇಣ ಸವರಿ ಬಟ್ಟೆಯಿಂದ ಉಜ್ಜಿದೆ.