ಜ್ವರವೋ, ಉಷ್ಣಾಘಾತವೋ? ಮೈ ಸುಡುವಾಗ ಮಾಡಬೇಕಾದ್ದು

ಮೈ ಮುಟ್ಟಿದರೆ ಎರಡೂ ಒಂದೇ ಥರ ಸುಡುತ್ತವೆ. ಉಪಚಾರ ಮಾತ್ರ ಬೇರೆ ಬೇರೆ.

ಮಿದುಳಿನ ಹೈಪೋಥಲಾಮಸ್ ದೇಹದ ತಾಪವನ್ನು ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಿಡಿದಿಡುತ್ತದೆ. ಸೋಂಕು ತಗುಲಿದಾಗ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಈ ಗುರಿಯನ್ನೇ ಮೇಲಕ್ಕೇರಿಸುತ್ತದೆ. ಗುರಿ 39 ಆದರೆ 37 ಡಿಗ್ರಿಯ ಮೈಗೂ ಚಳಿ: ಅಂಗೈ ತಣ್ಣಗೆ, ಹಲ್ಲು ಕಟಕಟ, ನಡುಕ. ಆಗ ತಣ್ಣೀರು ಸುರಿದರೆ ನಡುಕ ಹೆಚ್ಚುತ್ತದೆ ಅಷ್ಟೇ. ಪ್ಯಾರಾಸಿಟಮಾಲ್ ಗುರಿಯನ್ನು ಇಳಿಸುತ್ತದೆ. ಆರೋಗ್ಯವಂತ ವಯಸ್ಕರಿಗೆ ಒಮ್ಮೆಗೆ 500ರಿಂದ 1000 ಮಿಲಿಗ್ರಾಂ, ಕನಿಷ್ಠ 4 ಗಂಟೆ ಅಂತರ, ದಿನಕ್ಕೆ 4 ಗ್ರಾಂ ಮೀರಬಾರದು. ಯಕೃತ್ತಿನ ತೊಂದರೆಯಿದ್ದರೆ ವೈದ್ಯರನ್ನು ಕೇಳಿಯೇ ಕೊಡಿ.

ಉಷ್ಣಾಘಾತದಲ್ಲಿ ಗುರಿ ಬದಲಾಗಿರುವುದಿಲ್ಲ. ಶಾಖ ಹೊರಹಾಕುವ ವ್ಯವಸ್ಥೆ ಸೋತಿರುತ್ತದೆ. ತಾಪ 40 ದಾಟಿ, ಮಾತು ತೊದಲಿದರೆ, ಗೊಂದಲವಾದರೆ ಅದೇ ಎಂದುಕೊಳ್ಳಿ. ಬೆವರು ಕಾಣುತ್ತಿದೆಯೆಂದು ಮೋಸಹೋಗಬೇಡಿ. ದುಡಿಯುತ್ತಾ ಕುಸಿದವರ ಮೈ ಒದ್ದೆಯಾಗಿರಬಹುದು. ಇಲ್ಲಿ ಪ್ಯಾರಾಸಿಟಮಾಲ್ ಕೆಲಸಕ್ಕೆ ಬಾರದು.

ಆಂಬುಲೆನ್ಸ್ ಕರೆಸಿ, ಆದರೆ ಅದಕ್ಕಾಗಿ ಕಾಯುತ್ತಾ ಕೂರಬೇಡಿ. ನೆರಳಿಗೆ ತನ್ನಿ, ಬಟ್ಟೆ ಸಡಿಲಿಸಿ, ತಲೆ ಮೇಲಿರುವಂತೆ ಹಿಡಿದು ಕುತ್ತಿಗೆವರೆಗೆ ತಣ್ಣೀರಿನಲ್ಲಿ ಮುಳುಗಿಸಿ. ತೊಟ್ಟಿ ಇಲ್ಲವೇ? ಮೈಯೆಲ್ಲಾ ತೋಯಿಸಿ ಜೋರಾಗಿ ಗಾಳಿ ಹಾಕಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಮಂಜುಗಡ್ಡೆ ಇಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಇಳಿದೀತು. ಗುದದ್ವಾರದ ತಾಪ ಸುಮಾರು 39ಕ್ಕೆ ಇಳಿದಾಗ ನಿಲ್ಲಿಸಿ. ಕಂಕುಳಿನ ಅಳತೆ ಕಡಿಮೆ ತೋರಿಸುತ್ತದೆ, ನಂಬಬೇಡಿ.

ಬೆನ್ನುಹುರಿಗೆ ಎದೆಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಮಿದುಳಿನ ಆಜ್ಞೆ ಕೆಳಗೆ ತಲುಪದ ಕಾರಣ ಅಲ್ಲಿ ಬೆವರೂ ಇಲ್ಲ, ನಡುಕವೂ ಇಲ್ಲ. ಸೆಕೆಯ ಕೋಣೆಯಲ್ಲಿ ಸುಮ್ಮನೆ ಕೂತರೂ ಮೈ ಕಾಯುತ್ತದೆ.