ಹಿರಿಯರಿಗೆ ಎಡೆ ಇಡುವುದು ಹೇಗೆ? ಮೊದಲ ಸಲ ಮಾಡುವವರಿಗೆ

ಅಮ್ಮ ಇರುವವರೆಗೆ ಪಕ್ಷದ ಹಬ್ಬ ಎಂದರೆ ಊರಿಗೆ ಹೋಗಿ ಉಂಡು ಬರುವುದು. ಅಮ್ಮ ಹೋದ ಮೇಲೆ ಎಡೆ ಇಡುವ ಕೆಲಸ ನಮ್ಮ ಕೈಗೆ ಬರುತ್ತದೆ. ಯಾರೂ ಏನನ್ನೂ ಬರೆದಿಟ್ಟಿಲ್ಲ ಅನ್ನುವುದು ಆಗಲೇ ಗೊತ್ತಾಗುವುದು. ಮಂಡ್ಯ, ಮೈಸೂರು ಕಡೆಯ ನಮ್ಮಂಥ ಮನೆಗಳಲ್ಲಿ ಇದಕ್ಕೆ ಪುರೋಹಿತರು ಬರುವುದಿಲ್ಲ, ಮಂತ್ರವೂ ಇಲ್ಲ. ಎಲ್ಲವನ್ನೂ ಮನೆಯವರೇ ಮಾಡಬೇಕು. ಹಾಗಾಗಿ ನಾನು ಕೇಳಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದಿನ ಗೊತ್ತು ಮಾಡಿಕೊಳ್ಳಿ. ಭಾದ್ರಪದ ಹುಣ್ಣಿಮೆ ಕಳೆದ ಮೇಲಿನ ಹದಿನೈದು ದಿನ ಪಿತೃಪಕ್ಷ. ಕೊನೆಯ ದಿನ ಮಹಾಲಯ ಅಮಾವಾಸ್ಯೆ. 2026ರಲ್ಲಿ ಅದು ಅಕ್ಟೋಬರ್ 10, ಶನಿವಾರ. ಶ್ರಾದ್ಧ ಮಾಡುವ ಮನೆಗಳಲ್ಲಿ ತೀರಿಕೊಂಡ ತಿಥಿ ನೋಡುತ್ತಾರೆ. ಮುತ್ತೈದೆಯಾಗಿ ಹೋದವರಿಗೆ ನವಮಿ, ಅಪಘಾತದಲ್ಲಿ ಹೋದವರಿಗೆ ಚತುರ್ದಶಿ. ತಿಥಿ ಗೊತ್ತಿಲ್ಲದಿದ್ದರೆ ಅಮಾವಾಸ್ಯೆ. ಹಳ್ಳಿಗಳಲ್ಲಿ ಅಣ್ಣತಮ್ಮಂದಿರು, ನೆಂಟರು ಬೇರೆ ಬೇರೆ ದಿನ ಇಟ್ಟುಕೊಳ್ಳುವುದೂ ಉಂಟು. ಒಬ್ಬರ ಮನೆಗೆ ಇನ್ನೊಬ್ಬರು ಊಟಕ್ಕೆ ಹೋಗಬೇಕಲ್ವಾ?

ಇನ್ನು ಹೆಸರುಗಳು. ಇದನ್ನು ಅವಸರದಲ್ಲಿ ಮುಗಿಸಬೇಡಿ. ಒಂದು ನೋಟ್‌ಬುಕ್ ಹಿಡಿದು ಮನೆತನದಲ್ಲಿ ಬದುಕಿರುವ ಅತಿ ಹಿರಿಯರಿಗೆ ಫೋನ್ ಮಾಡಿ. ಯಾರ್ಯಾರಿಗೆ ಇಡಬೇಕು, ಎಷ್ಟು ಎಲೆ, ಯಾರಿಗೆ ಏನು ಇಷ್ಟವಿತ್ತು, ಎಲ್ಲ ಕೇಳಿ. ನಮ್ಮಮ್ಮ ಪ್ರತಿ ವರ್ಷ ಎಲೆಯ ತುದಿಯಲ್ಲಿ ಎರಡು ಕಡ್ಲೆಮಿಠಾಯಿ ಇಡುತ್ತಿದ್ದಳು. ಯಾಕೆ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಅಮ್ಮ ಹೋದ ವರ್ಷ ಸೋದರತ್ತೆ ಹೇಳಿದರು: ಅಪ್ಪನಿಗೆ ಒಬ್ಬ ತಮ್ಮ ಇದ್ದನಂತೆ. ಎಂಟು ವರ್ಷಕ್ಕೇ ಜ್ವರ ಬಂದು ಹೋದನಂತೆ. ಮಿಠಾಯಿ ಅವನದು. ಒಂದು ಫೋಟೋ ಕೂಡ ಇಲ್ಲದ ಆ ಚಿಕ್ಕಪ್ಪ ಈ ಮನೆಯಲ್ಲಿ ಉಳಿದಿದ್ದು ಆ ಎರಡು ಮಿಠಾಯಿಯಲ್ಲೇ. ಅದಕ್ಕೇ ಹೇಳಿದ್ದು, ಕೇಳಿ ಬರೆದುಕೊಳ್ಳಿ. ತೀರಿಕೊಂಡು ವರ್ಷ ತುಂಬದವರನ್ನು ಕೆಲವು ಮನೆಗಳಲ್ಲಿ ಎಡೆಗೆ ಸೇರಿಸುವುದಿಲ್ಲ. ನಿಮ್ಮ ಮನೆಯ ಪದ್ಧತಿ ಏನೆಂದು ಅದನ್ನೂ ಕೇಳಿ.

ಎರಡು ದಿನ ಮುಂಚೆ ಮನೆ ತೊಳೆದು, ಹಾಸಿಗೆ ಹೊದಿಕೆ ಒಗೆದು, ಕಜ್ಜಾಯಕ್ಕೆ ಅಕ್ಕಿ ನೆನೆಹಾಕಿ. ಕಜ್ಜಾಯ ಇಲ್ಲದ ಎಡೆ ನಮ್ಮ ಕಡೆ ಇಲ್ಲ. ಒಂದು ಕೆ.ಜಿ. ಅಕ್ಕಿ ರಾತ್ರಿಯೆಲ್ಲ ನೆನೆಯಲಿ. ಬೆಳಗ್ಗೆ ನೀರು ಬಸಿದು, ಬಟ್ಟೆಯ ಮೇಲೆ ನೆರಳಲ್ಲಿ ಹರಡಿ. ಪೂರ್ತಿ ಒಣಗಬಾರದು, ಮುಟ್ಟಿದರೆ ತಂಪು ತಾಕಬೇಕು. ಹಿಟ್ಟು ಮಾಡಿಸಿ ಜರಡಿ ಹಿಡಿಯಿರಿ. ಮುಷ್ಟಿಯಲ್ಲಿ ಹಿಡಿದರೆ ಹಿಟ್ಟು ಉಂಡೆಯಾಗಿ ನಿಂತರೆ ಹದ ಸರಿಯಿದೆ.

ಮುಕ್ಕಾಲು ಕೆ.ಜಿ. ಬೆಲ್ಲಕ್ಕೆ ಸ್ವಲ್ಪ ನೀರು ಹಾಕಿ ಕರಗಿಸಿ, ಸೋಸಿ, ಪಾಕಕ್ಕಿಡಿ. ತಟ್ಟೆಯಲ್ಲಿ ನೀರಿಟ್ಟುಕೊಂಡು ಒಂದು ತೊಟ್ಟು ಪಾಕ ಬಿಟ್ಟು ನೋಡಿ. ಬೆರಳಲ್ಲಿ ಕೂಡಿಸಿದರೆ ಮೆತ್ತನೆಯ ಉಂಡೆ ಆಗಬೇಕು. ಗಟ್ಟಿಯಾದರೆ ಕಜ್ಜಾಯ ಕಲ್ಲಾಗುತ್ತದೆ. ಎಳೆಯದಾದರೆ ಎಣ್ಣೆಯಲ್ಲಿ ಒಡೆದು ಚೂರಾಗುತ್ತದೆ. ಒಲೆ ಆರಿಸಿ ಏಲಕ್ಕಿ, ಎಳ್ಳು, ಗಸಗಸೆ ಹಾಕಿ, ಹಿಟ್ಟನ್ನು ಸ್ವಲ್ಪ ಸ್ವಲ್ಪವೇ ಸುರಿದು ತಿರುಗಿಸಿ. ರಾತ್ರಿ ಮುಚ್ಚಿಡಿ. ಮಾರನೆಯ ದಿನ ಎಣ್ಣೆ ಸವರಿದ ಬಾಳೆ ಎಲೆ ಮೇಲೆ ತಟ್ಟಿ, ಹದವಾದ ಉರಿಯಲ್ಲಿ ಕರಿದು, ಎರಡು ಸೌಟಿನ ಮಧ್ಯೆ ಒತ್ತಿ ಎಣ್ಣೆ ತೆಗೆಯಿರಿ.

ಆದರೆ ಬಾಯಿಗೆ ಹಾಕಿಕೊಳ್ಳುವಂತಿಲ್ಲ. ಎಡೆಯ ಅಡುಗೆ ಮೀಸಲು. ಉಪ್ಪು ಸರಿಯಿದೆಯಾ ಎಂದೂ ನೋಡುವಂತಿಲ್ಲ. ಮಕ್ಕಳಿದ್ದ ಮನೆಯಲ್ಲಿ ಇದು ಕಷ್ಟ. ಅವರಿಗೆ ಬೇರೆ ಪಾತ್ರೆಯಲ್ಲಿ ಬೇರೆಯೇ ಏನಾದರೂ ಮಾಡಿಕೊಡಿ, ಅಳಿಸಬೇಡಿ.

ಉಳಿದ ಅಡುಗೆ ನಿಮ್ಮ ಮನೆಯದು. ವಡೆ, ಪಾಯಸ, ಪಲ್ಯ, ಕೋಡುಬಳೆ ಸಾಮಾನ್ಯ. ಮಾಂಸ ತಿನ್ನುವ ಮನೆಗಳಲ್ಲಿ ಮುದ್ದೆ, ಬಾಡಿನ ಸಾರು ಇರಲೇಬೇಕು. ಸಿಹಿಗೂ ಬಾಡಿಗೂ ಬೇರೆ ಬೇರೆ ಎಲೆ ಹಾಕುವವರಿದ್ದಾರೆ. ತಾತ ಬೀಡಿ ಸೇದುತ್ತಿದ್ದರೆ ಒಂದು ಕಟ್ಟು ಬೀಡಿ, ಜೊತೆಗೆ ಬೆಂಕಿಪೊಟ್ಟಣ. ಅಜ್ಜಿಗೆ ಎಲೆ ಅಡಿಕೆ, ಹೊಗೆಸೊಪ್ಪು. ಕುಡಿಯುತ್ತಿದ್ದವರಿಗೆ ಅದನ್ನೂ ಇಡುತ್ತಾರೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಅವರು ಹೇಗಿದ್ದರೋ ಹಾಗೇ ಕರೆಯುತ್ತಿದ್ದೇವೆ.

ಎಳ್ಳುನೀರು ಬಿಡುವ ಪದ್ಧತಿ ಇದ್ದವರು ಬೆಳಗ್ಗೆಯೇ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೋ ಸಂಗಮಕ್ಕೋ ಹೋಗಿ ಬರುತ್ತಾರೆ. ಅಮಾವಾಸ್ಯೆ ದಿನ ಅಲ್ಲಿ ಜನ ತುಂಬಾ ಜಾಸ್ತಿ, ಬೇಗ ಹೊರಡಿ.

ಎಡೆ ಇಡುವ ಜಾಗ ಸಾರಿಸಿ, ರಂಗೋಲಿ ಬಿಡಿಸಿ. ಫ್ಲ್ಯಾಟ್‌ನಲ್ಲಿ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಚೊಂಬಿಗೆ ನೀರು ತುಂಬಿ, ವೀಳ್ಯದೆಲೆ ಜೋಡಿಸಿ, ತೆಂಗಿನಕಾಯಿ ಕೂರಿಸಿ ಕಳಸ ಮಾಡಿ. ಫೋಟೋ ಇದ್ದರೆ ಪಕ್ಕದಲ್ಲಿಟ್ಟು ಹೂವು ಹಾಕಿ. ಅವರಿಗೆಂದು ತಂದ ಹೊಸ ಪಂಚೆ, ಸೀರೆ ಅಲ್ಲೇ ಮಡಚಿಡಿ. ಹೊಸದು ತರುವ ಅನುಕೂಲ ಇಲ್ಲದಿದ್ದರೆ ಒಗೆದ ಬಟ್ಟೆಯೇ ಆದೀತು, ಸಾಲ ಮಾಡಬೇಡಿ. ಮುಂದೆ ಬಾಳೆ ಎಲೆ ಹಾಸಿ ಎಲ್ಲ ಬಡಿಸಿ. ಕುಡಿಯಲು ಒಂದು ಲೋಟ ನೀರು ಮರೆಯಬೇಡಿ.

ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಧೂಪ ಕೊಡಿ. ಮನೆಯವರೆಲ್ಲ ಒಬ್ಬೊಬ್ಬರಾಗಿ ಕೈಮುಗಿಯಲಿ. ನೋಟ್‌ಬುಕ್‌ನಲ್ಲಿರುವ ಹೆಸರುಗಳನ್ನು ಒಬ್ಬರು ಬಾಯಿಬಿಟ್ಟು ಹೇಳಲಿ, ಮಕ್ಕಳ ಕಿವಿಗೆ ಬೀಳುವಂತೆ. ಕಾಯಿ ಒಡೆದು, ದೀಪ ಉರಿಯುತ್ತಿರುವಾಗಲೇ ಎಲ್ಲರೂ ಹೊರಗೆ ಬಂದು ಬಾಗಿಲು ಮುಂದೆ ಮಾಡಿ. ಹಿರಿಯರು ಬಂದು ಉಣ್ಣುವ ಹೊತ್ತು ಅದು. ಹತ್ತು ನಿಮಿಷವೋ ಕಾಲು ಗಂಟೆಯೋ, ಸುಮ್ನೆ ಕೂತಿರಿ, ಟಿವಿ ಬೇಡ. ಒಳಗಿನಿಂದ ಧೂಪ, ಕಜ್ಜಾಯ, ಸಾರು ಎಲ್ಲ ಕಲೆತ ವಾಸನೆ ಬಾಗಿಲ ಸಂದಿಯಲ್ಲಿ ಬರುತ್ತಿರುತ್ತದೆ. ಮತ್ತೆ ಒಳಗೆ ಹೋಗುವ ಮುಂಚೆ ಒಮ್ಮೆ ಕೆಮ್ಮಿ, ಇಲ್ಲವೇ ಬಾಗಿಲು ತಟ್ಟಿ. ಉಣ್ಣುತ್ತಿರುವವರ ಮುಂದೆ ದಿಢೀರನೆ ಹೋಗಬಾರದು ಎಂದು ಅಮ್ಮ ಹೇಳುತ್ತಿದ್ದಳು.

ಆಮೇಲೆ ಪ್ರತಿ ಎಲೆಯಿಂದ ಚೂರು ಚೂರು ತೆಗೆದು ಮಾಳಿಗೆ ಮೇಲೆ ಕಾಗೆಗೆ ಇಡಿ. ಬೆಂಗಳೂರಿನಲ್ಲಿ ಕಾಗೆ ಬರುವುದು ತಡವಾಗಬಹುದು, ಕಾಯಿರಿ. ಅದು ಮುಟ್ಟಿದ ಮೇಲೆ ಮನೆಯವರ ಊಟ. ಅಕ್ಕಪಕ್ಕದವರನ್ನೂ ಕರೆಯಿರಿ. ಎಲೆಯಲ್ಲಿ ಇಟ್ಟಿದ್ದನ್ನು ಮನೆಯವರೆಲ್ಲ ಹಂಚಿಕೊಂಡು ತಿನ್ನುವುದು ರೂಢಿ. ನಮ್ಮ ಮನೆಯಲ್ಲಿ ಆ ಎರಡು ಕಡ್ಲೆಮಿಠಾಯಿ ಮಾತ್ರ ಎಲ್ಲರಿಗಿಂತ ಚಿಕ್ಕವರಿಗೆ. ಈಗ ಅದು ನನ್ನ ತಂಗಿಯ ಮಗಳ ಪಾಲು.