ಪಟ್ಟಿಯ ಹೆಸರು ಬದಲಿಸದೆ 380 ಚೀಟಿ: ಕ್ಷೇತ್ರ ಸಮೀಕ್ಷೆಯಲ್ಲಿ ನನ್ನ ಅನುಭವ

ಮತದಾರರ ಪಟ್ಟಿಯಿಂದ ಹೆಸರು ಎತ್ತಿ ಆ ಹೆಸರಿನವರನ್ನೇ ಹುಡುಕಿ ಮಾತಾಡಿಸೋದು ನಮ್ಮ ಹಳ್ಳಿಗಳಲ್ಲಿ ಆಗುವ ಮಾತಲ್ಲ, ಸಿಕ್ಕವರನ್ನು ಕೇಳಿ ಜಾತಿ, ವಯಸ್ಸಿನ ಲೆಕ್ಕ ಹೊಂದಿಸಿಕೊಳ್ಳಿ ಅಂತ ಈ ಕಸುಬಿನ ಹಿರಿಯರೇ ಹೇಳಿದ್ದರು. ಚುನಾವಣೆ ಮುಗಿದ ಮೇಲೆ ಯಾರು ಯಾರಿಗೆ ವೋಟು ಹಾಕಿದರು ಅಂತ ತಿಳಿಯುವ ಸಮೀಕ್ಷೆಗೆ ಹೊರಟು, 2018ರಲ್ಲಿ ಅವರ ಮಾತು ಕೇಳಿ ಸುಮಾರು 60 ಸಾವಿರ ಕಳೆದುಕೊಂಡೆ. 2023ರ ವಿಧಾನಸಭಾ ಚುನಾವಣೆ ಆದ ಮೇಲೆ ಹಳೇ ಮೈಸೂರು ಸೀಮೆಯ ಒಂದು ಕ್ಷೇತ್ರದಲ್ಲಿ ಪಟ್ಟಿ ಹಿಡಿದುಕೊಂಡೇ ಹೊರಟೆ. ಬೇಡ ಅಂದಿದ್ದವರೇ ಈಗ ಫಾರಂ ಕಳಿಸಿ ಅಂತ ಕೇಳ್ತಿದ್ದಾರೆ. ಅದಕ್ಕೇ ಬರೀತಿದ್ದೇನೆ.

2018ರದ್ದು ಯಾಕೆ ಕೆಟ್ಟಿತು ಅನ್ನೋದನ್ನು ಮೊದಲು ಹೇಳಿಬಿಡ್ತೀನಿ. ಕಾಗದದ ಮೇಲೆ ಎಲ್ಲ ಸರಿಯಿತ್ತು. ಒಕ್ಕಲಿಗರು ಇಷ್ಟು, ಲಿಂಗಾಯತರು ಇಷ್ಟು, ಪರಿಶಿಷ್ಟರು ಇಷ್ಟು, ಹೆಂಗಸರು ಅರ್ಧ. ಕೋಟಾ ತುಂಬಿತ್ತು, ಆದರೆ ತುಂಬಿದ್ದು ಟೀ ಅಂಗಡಿ, ಡೇರಿ, ಅರಳೀಕಟ್ಟೆಯಿಂದ. ಕಟ್ಟೆ ಮೇಲೆ ಕೂತ ಒಕ್ಕಲಿಗನೂ ತೋಟದ ಮನೆಯ ಒಕ್ಕಲಿಗನೂ ಒಂದೇ ಪಕ್ಷ ಅಲ್ಲ. ಹೆಂಗಸರಂತೂ ರಸ್ತೆ ಬದಿಯ ಮನೆಯವರೇ. ಊರ ಹಿಂದಿನ ಕೇರಿಗೆ ಹುಡುಗರು ಕಾಲೇ ಇಟ್ಟಿರಲಿಲ್ಲ. ಫಲಿತಾಂಶಕ್ಕೂ ನಮ್ಮ ಲೆಕ್ಕಕ್ಕೂ ವ್ಯತ್ಯಾಸ ಶೇಕಡಾವಾರು ಲೆಕ್ಕದಲ್ಲಿ ಎರಡಂಕಿ ಮುಟ್ಟಿತ್ತು. ಕಮ್ಮಿ ಸಿಕ್ಕ ಗುಂಪಿನ ಉತ್ತರಗಳಿಗೆ ಹೆಚ್ಚು ತೂಕ ಹಾಕಿ ಸರಿಮಾಡೋಕೆ ನೋಡಿದೆ. ಬಾರದ ಜನಕ್ಕೆ ಯಾವ ತೂಕವೂ ಬರೋದಿಲ್ಲ.

2023ರ ಲೆಕ್ಕ ಹೀಗಿತ್ತು. ಕ್ಷೇತ್ರದಲ್ಲಿ ಹತ್ತಿರ ಹತ್ತಿರ 2.1 ಲಕ್ಷ ಮತದಾರರು. ಬೂತ್‌ಗಳ ಮತದಾರರ ಸಂಖ್ಯೆಯನ್ನು ಒಂದರ ಕೆಳಗೊಂದು ಕೂಡುತ್ತಾ ಹೋಗಿ, 10,500ರ ಅಂತರದಲ್ಲಿ 20 ಬೂತ್ ಎತ್ತಿದೆವು. ಬೂತ್‌ಗೆ 30 ಹೆಸರು, ಒಟ್ಟು 600. ಹೆಸರಿಗೂ ಅದೇ ಕ್ರಮ: ಬೂತ್‌ನ ಒಟ್ಟು ಹೆಸರನ್ನು 30ರಿಂದ ಭಾಗಿಸಿ, ಬಂದ ಅಂತರವನ್ನು ದಶಮಾಂಶ ಸಮೇತ ಇಟ್ಟುಕೊಳ್ಳಿ. ಪಟ್ಟಿಯ ಪುಟಕ್ಕೆ 30 ಹೆಸರು, ಹಾಗಾಗಿ ಅಂತರ ಸರಿಯಾಗಿ 30 ಬಂದರೆ ಪ್ರತಿ ಪುಟದಲ್ಲೂ ಅದೇ ಚೌಕ ಬರ್ತದೆ. ಎತ್ತುವವರ ಕಣ್ಣು ಆ ಮೂಲೆಗೇ ಅಂಟಿಕೊಳ್ಳುತ್ತೆ, ಒಂದು ಪುಟ ಹಾರಿದರೂ ಗೊತ್ತಾಗಲ್ಲ. ‘ಅಳಿಸಲಾಗಿದೆ’ ಮುದ್ರೆಯ ಹೆಸರು ಬಂದರೆ ಬಿಟ್ಟುಬಿಡಿ, ಪಕ್ಕದ್ದನ್ನು ಎತ್ತಬೇಡಿ. ಕೊನೆಯಲ್ಲಿರುವ ಪೂರಕ ಪಟ್ಟಿಯನ್ನು ಮುದ್ರಿಸದೆ ಹೊರಡುವವರನ್ನು ನೋಡಿದ್ದೇನೆ. ಹೊಸದಾಗಿ ಸೇರಿದ 18, 19ರ ಹುಡುಗ ಹುಡುಗಿಯರು ಇರೋದೇ ಅಲ್ಲಿ.

ಪಟ್ಟಿಯ ಪಿಡಿಎಫ್ ಬರೀ ಚಿತ್ರ. ಅಕ್ಷರ ಓದಿಸುವ ತಂತ್ರಾಂಶಕ್ಕೆ ಕೊಟ್ಟೆವು, ಒತ್ತಕ್ಷರ ಬಂದಲ್ಲೆಲ್ಲ ಅದು ಮುಗ್ಗರಿಸಿತು. ಎರಡು ದಿನ ಹಾಳು. ಕೊನೆಗೆ ಆ ಚೌಕದ ಚಿತ್ರವನ್ನೇ ಕತ್ತರಿಸಿ ಫಾರಂ ನೆತ್ತಿಗೆ ಅಂಟಿಸಿದೆವು. ಬೇಕಾದವರ ಚೌಕದ ಜೊತೆಗೆ ಪಟ್ಟಿಯಲ್ಲಿ ಅವರ ಹಿಂದಿನ ಎರಡು, ಮುಂದಿನ ಎರಡು ಚೌಕಗಳನ್ನೂ ಸೇರಿಸಿ. ಬೂತ್‌ನಲ್ಲಿ ಲಕ್ಷ್ಮಮ್ಮಂದಿರು ಐದು ಜನ ಇರ್ತಾರೆ, ಅವರಲ್ಲಿ ಇಬ್ಬರ ಗಂಡಂದಿರು ಕೆಂಪೇಗೌಡರು. ಪಟ್ಟಿಯ ಮನೆ ನಂಬರಿಗೂ ಪಂಚಾಯಿತಿಯ ನಂಬರಿಗೂ ತಾಳೆ ಇರಲ್ಲ. ಆದರೆ ಪಟ್ಟಿ ಮನೆ ಸಾಲಿನಲ್ಲೇ ಹೋಗೋದರಿಂದ ಮಗ, ಸೊಸೆ, ಪಕ್ಕದ ಮನೆಯವರ ಹೆಸರು ಹೇಳಿದರೆ ‘ಓ, ಬಾವಿಮನೆ ಲಕ್ಷ್ಮಮ್ಮನಾ’ ಅಂತ ಊರೇ ದಾರಿ ತೋರಿಸುತ್ತೆ. ಬಿಎಲ್‌ಒ (ಬೂತ್‌ನ ಮತದಾರರ ಪಟ್ಟಿ ನೋಡಿಕೊಳ್ಳುವವರು, ಹಳ್ಳಿಯಲ್ಲಿ ಎಷ್ಟೋ ಕಡೆ ಅಂಗನವಾಡಿ ಟೀಚರೇ) ಹತ್ತಿರ ಗುರುತು ಕೇಳಿ ಅಷ್ಟೆ, ಜೊತೆಗೆ ಕರ್ಕೊಂಡು ಹೋಗಬೇಡಿ. ಅಂಗನವಾಡಿ ಟೀಚರ್ ಜೊತೆ ಬಂದವರು ಸರ್ಕಾರದವರೇ ಅಂತ ಆಗಿಬಿಡುತ್ತೆ. ಊರೊಳಗೆ ಮೊದಲು ಯಾರನ್ನು ಹಿಡಿದರೆ 30 ಹೆಸರಲ್ಲಿ 25 ಅರ್ಧ ಗಂಟೆಗೆ ಗುರುತಾಗುತ್ತೆ ಅನ್ನೋದು ನನಗೆ ಎರಡನೇ ಬೂತ್‌ನಲ್ಲೇ ಗೊತ್ತಾಯಿತು. ಅದನ್ನು ಇಲ್ಲಿ ಬರೆಯಲ್ಲ. ಪೋಸ್ಟ್‌ಮ್ಯಾನ್ ಅಲ್ಲ ಅಂತ ಮಾತ್ರ ಹೇಳ್ತೀನಿ.

600ರಲ್ಲಿ ಸತ್ತವರು, ಮದುವೆಯಾಗಿ ಹೋದವರು, ಎರಡು ಸಲ ಬಂದ ಹೆಸರು ಎಲ್ಲ ಸೇರಿ 70ರ ಸುಮಾರು ಹೋಯಿತು. ಉಳಿದ 530ರಲ್ಲಿ 380 ಜನ ಸಿಕ್ಕರು. ಮೊದಲ ಭೇಟಿಗೆ 230, ಎರಡನೇದಕ್ಕೆ 90, ಮೂರನೇದಕ್ಕೆ 60. ದುಡ್ಡು ಖರ್ಚಾದದ್ದು ಈ ಕೊನೆಯ 60ಕ್ಕೆ. ಲಾಭ ಬಂದದ್ದೂ ಅಲ್ಲೇ: ಡ್ರೈವರ್‌ಗಳು, ಗಾರೆ ಕೆಲಸದವರು, ಬೆಂಗಳೂರಿನಲ್ಲಿದ್ದು ವೋಟು ಮಾತ್ರ ಊರಲ್ಲಿ ಇಟ್ಟುಕೊಂಡವರು. ಅವರು ಸಿಗೋದು ಭಾನುವಾರ ಬೆಳಗ್ಗೆ 9ರೊಳಗೆ, ಇಲ್ಲ ಹಬ್ಬದ ದಿನ. ಕ್ಷೇತ್ರಕಾರ್ಯ ಪಿತೃಪಕ್ಷಕ್ಕೆ ಹೊಂದಿಕೊಂಡರೆ ಎಡೆ ಇಡೋಕೆ ಬಂದವರೆಲ್ಲ ಮನೆಯಲ್ಲೇ ಸಿಗ್ತಾರೆ. ಮೇ ತಿಂಗಳಾದ್ದರಿಂದ ನಮಗೆ ಆ ಅನುಕೂಲ ಇರಲಿಲ್ಲ. ಸಿಗದವರ ಬದಲು ಅಣ್ಣನನ್ನೋ ತಮ್ಮನನ್ನೋ ಕೇಳಿದ ಫಾರಂ ಬಂದರೆ ಹರಿದು ಹಾಕುತ್ತಿದ್ದೆ. ಮೊದಲ ದಿನ 4 ಹರಿದೆ, ಆಮೇಲೆ ಬರೋದು ನಿಂತಿತು.

ತಂಡ ಜೋಡಿ ಜೋಡಿ: ಒಬ್ಬ ಹುಡುಗ, ಒಬ್ಬ ಹುಡುಗಿ. ಹೆಸರು ಹೆಂಗಸಿನದ್ದಾದರೆ ಹುಡುಗಿ ಹಿತ್ತಲಿಗೋ ಒಳಮನೆಗೋ ಹೋಗ್ತಾಳೆ. ಗಂಡ ಬಂದು ‘ಅವಳಿಗೇನು ಗೊತ್ತು, ನನ್ನ ಕೇಳಿ’ ಅಂತ ನಿಂತೇ ನಿಲ್ತಾನೆ. ಅದಕ್ಕೆ ‘ಬಿ ಫಾರಂ’ ಅಂತ ಒಂದು ಮಾಡಿದ್ದೆವು. ಹುಡುಗ ಯಜಮಾನನನ್ನು ಜಗಲಿ ಮೇಲೆ ಕೂರಿಸಿ ಬೋರ್‌ವೆಲ್ ಎಷ್ಟು ಅಡಿ, ತೆಂಗಿಗೆ ನುಸಿ ಬಿದ್ದಿದೆಯಾ, ರೇಷ್ಮೆ ಗೂಡಿಗೆ ಏನು ರೇಟು ಸಿಕ್ತು ಅಂತ 20 ನಿಮಿಷ ಬರ್ಕೊಳ್ಳೋದು. ಗಣನೆಗೆ ಇಲ್ಲದ ಫಾರಂ ಅದು. ಆದರೆ ಇಡೀ ಸಮೀಕ್ಷೆಯಲ್ಲಿ ಅದಕ್ಕಿಂತ ಉಪಯೋಗದ ಕಾಗದ ಇರಲಿಲ್ಲ. (ತೆಂಗಿನ ಲೆಕ್ಕ ಈಗಲೂ ಕಟ್ಟು ಕಟ್ಟಿ ಇಟ್ಟಿದ್ದೇನೆ. ಯಾರಿಗಾದರೂ ಬೇಕಾದೀತು.)

ಇನ್ನು ಚೀಟಿ, ಡಬ್ಬಿ. ಡಬ್ಬಿಯಲ್ಲಿ ಗುಟ್ಟಾಗಿ ಮತ ಹಾಕಿಸೋದು ನನ್ನ ಕಲ್ಪನೆಯಲ್ಲ, ದೆಹಲಿಯ ಸಿಎಸ್‌ಡಿಎಸ್ ಅನ್ನೋ ಸಂಶೋಧನಾ ಸಂಸ್ಥೆಯ ಲೋಕನೀತಿ ತಂಡದವರು ಬಹಳ ಕಾಲದಿಂದ ಮಾಡ್ತಾ ಬಂದಿದ್ದಾರೆ. ಹಳ್ಳಿಯಲ್ಲಿ ಅದು ನಡೆಯೋ ಹಾಗೆ ಮಾಡೋದರಲ್ಲಿ ಮಾತ್ರ ನಾಲ್ಕಾರು ಕಡೆ ಪೆಟ್ಟು ತಿಂದೆವು. ಮೊದಲು ತಂದದ್ದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬ. ಮಡಿಸಿದ ಚೀಟಿ ಹೊರಗೆ ಕಾಣುತ್ತೆ, ಯಾರೂ ಹಾಕಲಿಲ್ಲ. ಆಮೇಲೆ ಖಾಲಿಯಾದ 4 ಲೀಟರ್ ಬಣ್ಣದ ಬಕೆಟ್, ಮುಚ್ಚಳದಲ್ಲಿ 8 ಸೆಂಟಿಮೀಟರ್ ಸೀಳು. ಅಲ್ಲಾಡಿಸಿದರೆ ಖಾಲಿ ಅಂತ ಗೊತ್ತಾಗುತ್ತೆ. ಬೂತ್‌ನಲ್ಲಿ ಮೊದಲು ಚೀಟಿ ಹಾಕುವವರಿಗೆ, ಇದರಲ್ಲಿರೋದು ನನ್ನದೊಂದೇ, ಸಂಜೆ ತೆಗೆದು ನೋಡ್ತಾರೆ ಅನ್ನೋ ಅಳುಕು. ಅವರು ಅಳುಕಿದ್ದು ಸರಿಯಾಗೇ ಇತ್ತು. ಅದಕ್ಕೆ ಮುಂಚೆಯೇ ಗುರುತು ಹಾಕದ 6 ಖಾಲಿ ಚೀಟಿ ಮಡಿಸಿ ಒಳಗೆ ಹಾಕಿಡ್ತಿದ್ದೆವು, ಎಣಿಸುವಾಗ 6 ಖಾಲಿ ಕಳೆದುಬಿಡೋದು. ಚೀಟಿಗೆ ನಂಬರ್ ಇಲ್ಲ. ಫಾರಂಗೆ ಜೋಡಿಸೋಕೆ ಆಗಲ್ಲವಲ್ಲ ಅಂತ ಕೇಳ್ತೀರಿ. ಹೌದು, ಆಗಲ್ಲ. ನಂಬರ್ ಹಾಕಿ ಗುಟ್ಟು ಅಂತ ಹೇಳೋದು ಸುಳ್ಳು. ಹೆಂಗಸರಿಗೆ ಹಳದಿ, ಗಂಡಸರಿಗೆ ಬಿಳಿ, ಅಷ್ಟೇ ಭೇದ, ಅದನ್ನೂ ಅವರೆದುರೇ ಹೇಳ್ತಿದ್ದೆವು. ವಿಧಾನಸಭೆಯ ಮತಪತ್ರ ಗುಲಾಬಿ ಬಣ್ಣದ್ದಾದ್ದರಿಂದ ಗುಲಾಬಿ ಮುಟ್ಟಲೇ ಇಲ್ಲ. ಅಭ್ಯರ್ಥಿಯ ಹೆಸರೂ ಇಲ್ಲ, ಬರೀ ಚಿಹ್ನೆ, ಕೊನೆಗೆ ನೋಟಾ, ಮೇಲೆ ದಪ್ಪಕ್ಷರದಲ್ಲಿ ‘ಸಮೀಕ್ಷೆ’. ಚಿಹ್ನೆಗಳ ಸಾಲು ಮಾತ್ರ ಯಂತ್ರದಲ್ಲಿದ್ದ ಕ್ರಮದಲ್ಲೇ ಇರಲಿ. ಎಷ್ಟೋ ಜನಕ್ಕೆ ನೆನಪಿರೋದು ‘ಮೂರನೇ ಬಟನ್’.

ಡಬ್ಬಿ ಬೇಕಾ, ಬಾಯಲ್ಲೇ ಕೇಳಬಾರದಾ? ಮೊದಲ 4 ಬೂತ್‌ಗಳಲ್ಲಿ ಎರಡೂ ಮಾಡಿ ನೋಡಿದೆವು, ಸುಮಾರು 75 ಜನ. ಬಾಯಲ್ಲಿ ರಾಜ್ಯದಲ್ಲಿ ಗೆದ್ದ ಪಕ್ಷಕ್ಕೆ ಹಾಕಿದೆವು ಅಂದವರ ಸಂಖ್ಯೆಗಿಂತ ಡಬ್ಬಿಯಲ್ಲಿ 9 ಚೀಟಿ ಕಮ್ಮಿ. ಅದೇ ಜನ, ಅದೇ ಹೊತ್ತು. ಕಾರಣ ಹುಡುಕೋಕೆ ದೂರ ಹೋಗಬೇಕಾಗಿರಲಿಲ್ಲ. ಫಲಿತಾಂಶ ಬಂದದ್ದು ಮೇ 13ಕ್ಕೆ, ನಾವು ಊರಿಗೆ ಕಾಲಿಟ್ಟದ್ದು ಅದೇ ವಾರ. ಎಲ್ಲರ ಬಾಯಲ್ಲೂ ಗ್ಯಾರಂಟಿ. ಕೈಯಲ್ಲಿ ಪ್ಯಾಡ್ ಹಿಡಿದು ಬಂದವರನ್ನು ನೋಡಿದ ತಕ್ಷಣ ‘ಎರಡು ಸಾವಿರಕ್ಕೆ ಬರ್ಕೊಳ್ಳೋಕೆ ಬಂದ್ರಾ?’ ಹಾಗೆ ಕೇಳಿದವರು ಬೇರೆ ಪಕ್ಷಕ್ಕೆ ಹಾಕಿದ್ದೀವಿ ಅಂತ ಹೇಳ್ತಾರಾ? ಐದನೇ ಬೂತ್‌ನಿಂದ ಬಾಯಲ್ಲಿ ಕೇಳೋದನ್ನೇ ನಿಲ್ಲಿಸಿದೆವು. ಟಿವಿ, ಬೈಕು, ಜಮೀನಿನ ಪ್ರಶ್ನೆಗಳನ್ನೂ ತೀರಾ ಕೊನೆಗೆ ತಳ್ಳಿದೆವು. ಮೊದಲೇ ಕೇಳಿದರೆ ಬಿಪಿಎಲ್ ಕಾರ್ಡ್ ಕಿತ್ಕೊಳ್ಳೋಕೆ ಬಂದವರು ಅಂತ ತಿಳಿದು ಮಿಕ್ಕ ಉತ್ತರಗಳೂ ಮುದುರಿಕೊಳ್ತವೆ.

ಮತದಾನ ಮಾಡಿದ್ರಾ ಅಂದರೆ ಎಲ್ಲರೂ ಹೌದು ಅಂತಾರೆ. ಅದಕ್ಕೆ ಮದ್ದು ಎಡಗೈ ತೋರುಬೆರಳು. ಮೈಸೂರಿನ ಪೇಂಟ್ಸ್ ಕಾರ್ಖಾನೆಯ ಶಾಯಿ ಚರ್ಮದ ಮೇಲಿಂದ ಬೇಗ ಹೋಗುತ್ತೆ, ಉಗುರಲ್ಲಿ ಮಾತ್ರ ಉಗುರು ಬೆಳೆದು ಕತ್ತರಿಸೋ ತನಕ ಉಳಿಯುತ್ತೆ. ಮತದಾನ ಮೇ 10ಕ್ಕೆ ಆಗಿತ್ತು, ತಿಂಗಳ ಕೊನೆಯವರೆಗೂ ಬಹುಪಾಲು ಉಗುರುಗಳಲ್ಲಿ ಗೆರೆ ಕಾಣ್ತಿತ್ತು. ‘ಬೆರಳು ತೋರಿಸಿ ಅಮ್ಮಾ’ ಅಂದರೆ ಹೆಮ್ಮೆಯಿಂದ ತೋರಿಸ್ತಾರೆ. ತೋರಿಸದವರ ಫಾರಂನಲ್ಲಿ ಒಂದು ಚುಕ್ಕೆ. ಸೌದೆ ಒಲೆ, ಸಗಣಿ ಕೆಲಸದವರ ಉಗುರಲ್ಲಿ ಗುರುತು ಹಿಡಿಯೋದು ಕಷ್ಟ. ಅನುಮಾನ ಬಂದರೆ ‘ಇದೆ’ ಅಂತಲೇ ಬರೆಯಿರಿ.

ತೃಪ್ತಿಯ ಐದು ಮೆಟ್ಟಿಲಿನ ಪ್ರಶ್ನೆ ನಮ್ಮ ಭಾಷೆಯಲ್ಲಿ ನಿಲ್ಲಲ್ಲ. ಶಾಸಕರ ಕೆಲಸ ಹೇಗಿದೆ ಅಂದರೆ ‘ಪರವಾಗಿಲ್ಲ’. ಅದು ಚೆನ್ನಾಗಿದೆಯೋ, ಸುಮಾರೋ, ಬೈದು ಏನು ಪ್ರಯೋಜನ ಅಂತಲೋ? ಒಬ್ಬ ಹುಡುಗ ಎಲ್ಲವನ್ನೂ 4ಕ್ಕೆ ಹಾಕಿದ್ದ, ಇನ್ನೊಬ್ಬಳು 3ಕ್ಕೆ. ‘ರೂಪಾಯಿಗೆ ಎಷ್ಟಾಣೆ ಕೆಲಸ ಆಗಿದೆ?’ ಅಂತ ಕೇಳಿದೆವು. ನಲವತ್ತು ದಾಟಿದವರು ಥಟ್ಟನೆ ‘ಆರಾಣೆ’, ‘ಹನ್ನೆರಡಾಣೆ’ ಅಂತಾರೆ, ಚಿಲ್ಲರೆ ಸಮೇತ. ಇಪ್ಪತ್ತರ ಹುಡುಗರಿಗೆ ಆಣೆಯೇ ಗೊತ್ತಿಲ್ಲ. ಅವರಿಗೆ ಹತ್ತು ಹುಣಸೆ ಬೀಜ ಕೊಟ್ಟು ಆದ ಕೆಲಸಕ್ಕೆ ತಕ್ಕಷ್ಟು ತೆಗೆದಿಡಿ ಅಂದೆವು. ಎರಡನ್ನೂ ಒಂದೇ ಅಳತೆಗೆ ತಂದದ್ದು ಎಷ್ಟು ಸರಿ ಅನ್ನೋದು ಬೇರೆ ಜಗಳ.

ದುಡ್ಡು ಹಂಚಿದ್ದರ ಬಗ್ಗೆ ತಿಳಿಯೋಕೆ ಎರಡು ಆಟ ಆಡಿ ಸೋತೆ. ದಾಳ (ಏನು ಬಿತ್ತು ಅಂತ ಹಾಕಿದವರಿಗಷ್ಟೇ ಗೊತ್ತು): 1 ಬಿದ್ದರೆ ‘ಇಲ್ಲ’, 6 ಬಿದ್ದರೆ ‘ಹೌದು’, ಮಿಕ್ಕಿದ್ದಕ್ಕೆ ನಿಜ ಹೇಳಿ. ಒಂದು ಅಜ್ಜಿ ಜೂಜು ಆಡಿಸ್ತೀರಾ ಅಂತ ಎದ್ದೇ ಹೋದರು. ಇನ್ನೊಂದು ಪಟ್ಟಿಯ ಆಟ: ಅರ್ಧ ಜನಕ್ಕೆ ಮೂರು ಸಂಗತಿ, ಅರ್ಧ ಜನಕ್ಕೆ ಅದೇ ಮೂರರ ಜೊತೆ ಹಣದ್ದು ಸೇರಿ ನಾಲ್ಕು, ಎಷ್ಟಕ್ಕೆ ಹೌದು ಅಂತ ಮಾತ್ರ ಹೇಳಿ. ಎರಡು ಗುಂಪಿನ ಸರಾಸರಿಯ ವ್ಯತ್ಯಾಸವೇ ಹಣ ಪಡೆದವರ ಪಾಲು. ಜನ ‘ಮೊದಲ್ನೇದು ಹೌದು, ಎರಡ್ನೇದು ಇಲ್ಲ’ ಅಂತ ಒಂದೊಂದಾಗಿ ಒಪ್ಪಿಸಿಬಿಡ್ತಾರೆ, ಗುಟ್ಟು ಅಲ್ಲೇ ಬಯಲು. ಒಂದು ಹೌದಿಗೆ ಒಂದರಂತೆ ಬೆನ್ನ ಹಿಂದೆ ಕೈಯಿಂದ ಕೈಗೆ ಬೀಜ ಬದಲಿಸಿಕೊಳ್ಳಿ ಅಂದ ಮೇಲೆ ಗುಟ್ಟು ಉಳಿಯಿತು, ಲೆಕ್ಕ ಉಳಿಯಲಿಲ್ಲ. ಗುಂಪಿಗೆ 190 ಜನ ಇಟ್ಟುಕೊಂಡರೆ ಬರುವ ಉತ್ತರ ಶೇಕಡಾ 20 ಅಂಶ ಅತ್ತ ಇತ್ತ ಓಲಾಡುತ್ತೆ. ಸಾವಿರಗಟ್ಟಲೆ ಫಾರಂ ಮಾಡುವವರು ಮಾತ್ರ ಇದಕ್ಕೆ ಕೈಹಾಕಿ.

ಜಾತಿಯ ಪ್ರಶ್ನೆಗೆ ಆಯ್ಕೆಗಳನ್ನು ಮುದ್ರಿಸಬೇಡಿ. ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡು ಸಂಜೆ ಕೂತು ಸಂಕೇತ ಹಾಕಿ. ‘ಶೆಟ್ರು’ ಅಂದರೆ ಬಣಜಿಗರೂ ಆಗಬಹುದು, ಉಪ್ಪಾರರೂ ಆಗಬಹುದು. ‘ಎ.ಕೆ.’ (ಆದಿ ಕರ್ನಾಟಕ), ‘ಎ.ಡಿ.’ (ಆದಿ ದ್ರಾವಿಡ) ಅಂದರೆ ಪ್ರಮಾಣಪತ್ರದ ಹೆಸರು, ಅದರೊಳಗೆ ಹೊಲೆಯರೋ ಮಾದಿಗರೋ ಗೊತ್ತಾಗಲ್ಲ. 2025ರಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿಯ ಲೆಕ್ಕಕ್ಕೆ ನಾಗಮೋಹನ್ ದಾಸ್ ಆಯೋಗ ಮನೆಮನೆಗೆ ಹೋಗಬೇಕಾಗಿ ಬಂದದ್ದರ ಹಿಂದೆಯೂ ಇದೇ ಗೊಂದಲ ಇತ್ತು. ಮನೆದೇವರು ಯಾವುದು ಅಂತ ಕೇಳಿ ನೋಡಿ, ಮುಕ್ಕಾಲು ಪಾಲು ಬಿಡಿಸಿಕೊಳ್ಳುತ್ತೆ.

ಖರ್ಚಿಗೆ ಬರೋಣ. 8 ಜನಕ್ಕೆ 12 ದಿನ, ದಿನಕ್ಕೆ 850ರಂತೆ 81 ಸಾವಿರ ಚಿಲ್ಲರೆ. ಇಬ್ಬರು ಮೇಲ್ವಿಚಾರಕರಿಗೆ 29 ಸಾವಿರ. ಎರಡು ದಿನದ ತರಬೇತಿಗೆ 8, ನಾಲ್ಕು ಬೈಕಿನ ಪೆಟ್ರೋಲಿಗೆ 12, ಮುದ್ರಣಕ್ಕೆ 6, ಡಬ್ಬಿ ಪ್ಯಾಡಿಗೆ 2, ಕಂಪ್ಯೂಟರಿಗೆ ಏರಿಸೋಕೆ 7. ಒಟ್ಟು 1.45 ಲಕ್ಷ ಚಿಲ್ಲರೆ, ಅಂದರೆ ಫಾರಂಗೆ ಸುಮಾರು 380 ರೂಪಾಯಿ. ಏಜೆನ್ಸಿಯವರು ಹೇಳಿದ ದರ ಇದರ ಇಮ್ಮಡಿ ಇತ್ತು, ಅದೂ ಕೋಟಾ ವಿಧಾನಕ್ಕೆ. ಫಾರಂ ಲೆಕ್ಕದಲ್ಲಿ ಕೂಲಿ ಕೊಡಬೇಡಿ. 2018ರಲ್ಲಿ ಫಾರಂಗೆ 100 ಅಂತ ಕೊಟ್ಟು, ಮರದಡಿ ಕೂತು ತುಂಬಿದ ಫಾರಂಗಳನ್ನು ಕಟ್ಟುಗಟ್ಟಲೆ ತಗೊಂಡಿದ್ದೆ. ಈ ಸಲ ದಿನಗೂಲಿ, ಜೊತೆಗೆ ಫಾರಂನೊಳಗೆ ಎರಡು ಪ್ರಶ್ನೆಗಳ ಬಲೆ: ಮನೆಗೆ ಹೋಗದವರು ಅದಕ್ಕೆ ಹೊಂದುವ ಉತ್ತರ ಬರೆಯಲಾರರು. ಯಾವ ಪ್ರಶ್ನೆ ಅಂತ ನನ್ನ ಹುಡುಗರಿಗೂ ಇವತ್ತಿಗೂ ಗೊತ್ತಿಲ್ಲ, ಇದನ್ನು ಅವರೂ ಓದ್ತಾರೆ.

ಪ್ರತಿ ರಾತ್ರಿ ಎಲ್ಲ ಫಾರಂಗೂ ಫೋಟೋ, ಎರಡು ಬೇರೆ ಊರಲ್ಲಿ ನಕಲು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ತಾವು ರಾಂಪುರ ಅಂತ ಹೆಸರಿಟ್ಟ ಮೈಸೂರು ಹತ್ತಿರದ ಹಳ್ಳಿಯಲ್ಲಿ 1948ರಲ್ಲಿ ಕೂತು ಬರೆದ ಟಿಪ್ಪಣಿಗಳನ್ನು ಆಧರಿಸಿ ಸಿದ್ಧಮಾಡಿದ ಮೂರೂ ಪ್ರತಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಒಂದೇ ಬೆಂಕಿಗೆ ಸುಟ್ಟವು. ಮೂರೂ ಇದ್ದದ್ದು ಒಂದೇ ಕಟ್ಟಡದಲ್ಲಿ.

ಫಾರಂ 20 (ಚುನಾವಣಾ ಆಯೋಗದ ಬೂತ್‌ವಾರು ಫಲಿತಾಂಶದ ಪಟ್ಟಿ) ಬಂದ ಮೇಲೆ ಆ 20 ಬೂತ್‌ಗಳ ಮತಗಳನ್ನು ಕೂಡಿ ಡಬ್ಬಿಯ ಜೊತೆ ಇಟ್ಟು ನೋಡಿದೆ. ಬೂತ್ ಬೂತ್ ಹೋಲಿಸೋದು ದಡ್ಡತನ, 19 ಚೀಟಿಯಿಂದ ಏನೂ ಹೇಳೋಕಾಗಲ್ಲ. ಒಟ್ಟಿನಲ್ಲಿ ಮೂರೂ ದೊಡ್ಡ ಪಕ್ಷಗಳು ನಾಲ್ಕು ಅಂಶದೊಳಗೆ ಬಂದವು. ಇದರಲ್ಲಿ ಅದೃಷ್ಟದ ಪಾಲೂ ಇದೆ. ಒಂದೇ ಬೂತ್‌ನವರು, ಒಂದೇ ಬೀದಿಯವರು ಒಂದೇ ಕಡೆ ವಾಲೋದರಿಂದ, ಆ ಒಲವನ್ನು 0.05 ಅಂತ ಹಿಡಿದರೂ (ಬೂತ್‌ನವರೆಲ್ಲ ಒಂದೇ ಕಡೆ ಅಂದರೆ 1) ನಮ್ಮ 380 ನಿಜದಲ್ಲಿ 200ಕ್ಕೆ ಸಮ, ತಪ್ಪಿನ ಅಂದಾಜು 7 ಅಂಶ. ಬೂತ್ 40 ಮಾಡಿ ಹೆಸರು 15ಕ್ಕೆ ಇಳಿಸಿದರೆ ಅದೇ ಫಾರಂ ಸಂಖ್ಯೆಗೆ ಇನ್ನೂ ಬಿಗಿ ಬರ್ತದೆ, ಪೆಟ್ರೋಲ್ ಮಾತ್ರ ಇಮ್ಮಡಿ. ಮುಂದಿನ ಸಲ ಹಾಗೇ ಮಾಡೋದು ಅಂತ ಬಕೆಟ್‌ಗಳನ್ನು ತೊಳೆದು ಅಟ್ಟಕ್ಕೆ ಹಾಕಿದ್ದೇನೆ. ಎರಡರ ಮುಚ್ಚಳ ಇಲಿ ಕಡಿದಿದೆ.